ಮತ್ತೋಡಿನ ಸುಮಾ ಹಿಮ ಅಗೆದ ದಿನ

ಮತ್ತೋಡಿನ ಕುರಿಗಾಹಿ ಗಂಗಕ್ಕನ ಮಗಳು ಸುಮಾ ಹಿಮವನ್ನು ಮೊದಲು ಮುಟ್ಟಿದ್ದು ಇಪ್ಪತ್ಮೂರನೇ ವಯಸ್ಸಿನಲ್ಲಿ. ಚಿತ್ರದುರ್ಗದ ಬಂಡೆ ಹತ್ತಿ ಪಳಗಿದ್ದ ಅವಳು ಮನಾಲಿಗೆ ಹೋಗಿ ಪರ್ವತಾರೋಹಣ ಕಲಿತಳು. ಈಗ ಎಂಟು ವರ್ಷಗಳಿಂದ ಚಾರಣಿಗರನ್ನು ಹಿಮಾಲಯಕ್ಕೆ ಕರೆದೊಯ್ಯುವುದೇ ಅವಳ ಕೆಲಸ.

ಕಳೆದ ಮಾರ್ಚಿನಲ್ಲಿ ಅವಳ ಜೊತೆ ಐವರಿದ್ದರು. ಹೊಳಲ್ಕೆರೆಯ ಬಟ್ಟೆ ಅಂಗಡಿಯ ಹಾಲೇಶ್ ಅವರಲ್ಲೊಬ್ಬ. ಮೂರು ದಿನ ಹಿಮ ಸುರಿದು, ಗಾಳಿ ಬೀಸಿ, ನಾಲ್ಕನೆಯ ಬೆಳಗ್ಗೆ ಆಕಾಶ ತಿಳಿಯಾಯಿತು. ಎದುರಿಗೆ ಕಡಿದಾದ ಬೆಳ್ಳನೆಯ ಇಳಿಜಾರು.

"ಅಕ್ಕಾ, ಎಂಥಾ ಬಿಸ್ಲು ಬಿದ್ದೈತೆ! ನಡೀರಿ ಹೋಗಾಣ," ಎಂದ ಹಾಲೇಶ್.

ಹಿಮದ ಪದರ ಪರೀಕ್ಷಿಸಲು ಸುಮಾ ಅಂಚಿನಲ್ಲೇ ಎದೆಮಟ್ಟದ ಗುಂಡಿ ತೋಡಿದಳು. ಮೇಲೆ ಗಾಳಿ ಒತ್ತಿ ಕೂರಿಸಿದ ಗಟ್ಟಿ ಪದರ. ಅದರಡಿ ಸಕ್ಕರೆಯಂತೆ ಬೆರಳ ಸಂದಿಯಲ್ಲಿ ಉದುರುವ ಹಿಮ.

"ನೋಡ್ರಿ, ಮೇಲಿನ ಭಾರ ಎಲ್ಲಾ ಈ ಪುಡಿ ಮ್ಯಾಲೆ ಕುಂತೈತೆ. ಒಬ್ರು ಕಾಲಿಟ್ರೆ ಸಾಕು, ಗುಡ್ಡಕ್ಕೆ ಗುಡ್ಡಾನೇ ಜಾರ್ತೈತೆ. ವಾಪಸ್ ಹೋಗಾಣ."

ಎಲ್ಲರೂ ತಿರುಗಿದರು. ಹಾಲೇಶ್ ಮಾತ್ರ ಒಂದು ಫೋಟೋಕ್ಕೆಂದು ಹತ್ತು ಹೆಜ್ಜೆ ಆ ಕಡೆ ಸರಿದ.

ಧುಮ್! ಕಾಲಡಿಯೇ ಸದ್ದು. ಇಳಿಜಾರಿನುದ್ದಕ್ಕೂ ಬಿರುಕು ಓಡಿತು. ಹಿಮದ ಹಾಸು ಹೋಳಾಗಿ ಜಾರಿ, ಬಿಳಿ ಧೂಳೆದ್ದು, ಹಾಲೇಶ್ ಕಾಣೆಯಾದ.

"ಕೂಗಾಡಬ್ಯಾಡ್ರಿ! ಎಲ್ರೂ ಪೆಟ್ಟಿಗೆ ಹುಡುಕೋ ಕಡೆ ತಿರುವ್ರಿ!" ಸುಮಾ ಗದರಿದಳು. ಎಲ್ಲರ ಎದೆಯ ಮೇಲೂ ಸಂಕೇತ ಕಳಿಸುವ, ತಿರುವಿದರೆ ಹೂತವರ ಸಂಕೇತ ಹಿಡಿಯುವ ಪುಟ್ಟ ಪೆಟ್ಟಿಗೆ ಇತ್ತು. ಮೇಲೆ ಜಾರುವಂಥದ್ದು ಉಳಿದಿಲ್ಲವೆಂದು ನೋಡಿಕೊಂಡು, ಒಬ್ಬನನ್ನು ಕಾವಲಿಗೆ ನಿಲ್ಲಿಸಿ, ಕೆಳಗೆ ಓಡಿದಳು. ಅವಳ ಕೈಯ ಪೆಟ್ಟಿಗೆ ಕೂಗತೊಡಗಿತು, ಅದರಲ್ಲಿ ದೂರದ ಅಂಕಿ ಇಳಿಯುತ್ತಾ ಬಂತು. ಮೂವತ್ತು ಮೀಟರ್... ಹನ್ನೆರಡು... ಎರಡು! ಉದ್ದದ ಸಲಾಕೆ ಚುಚ್ಚಿದಳು. ಮೂರನೆಯ ಸಲಕ್ಕೆ ಮೆತ್ತಗೆ ತಾಗಿತು.

"ಇಲ್ಲೇ ಅದಾನೆ! ಅಗೀರಿ!"

ನಾಲ್ಕು ಸಲಿಕೆಗಳು ಒಟ್ಟಿಗೆ ಬಿದ್ದವು. ಮೊದಲು ಕೆಂಪು ಟೋಪಿ, ಆಮೇಲೆ ನೀಲಿಗಟ್ಟಿದ ಮುಖ. ಸುಮಾ ಅವನ ಬಾಯೊಳಗಿನ ಹಿಮ ತೆಗೆದಳು. ಹಾಲೇಶ್ ಕೆಮ್ಮಿದ! ಹೂತುಹೋಗಿ ಹನ್ನೊಂದು ನಿಮಿಷವಾಗಿತ್ತು.

"ಅಕ್ಕಾ... ತಪ್ಪಾತು," ಎಂದ.

"ಮಾತಾಡಬ್ಯಾಡ, ಉಸಿರಾಡಪ್ಪ!" ಎಂದವಳೇ ಸುಮಾ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು.

ಭುಜದ ಮೂಳೆ ಮುರಿದದ್ದು ಬಿಟ್ಟರೆ ಅವನಿಗೇನೂ ಆಗಿರಲಿಲ್ಲ. ಕ್ಯಾಂಪಿಗೆ ಮರಳಿದ ಮೇಲೆ ಸುಮಾಳ ಕೈ ಎಷ್ಟು ನಡುಗಿತೆಂದರೆ, ಚಹದ ಲೋಟವನ್ನು ಹಾಲೇಶನೇ ಒಂದು ಕೈಯಲ್ಲಿ ಹಿಡಿದು ಅವಳಿಗೆ ಕುಡಿಸಬೇಕಾಯಿತು.