ವತ್ಸಲಾಬಾಯಿಯವರ ಸಾಂಫ್ರುವಾ

ಉಕ್ತಲೇಖನ ಹೇಳುತ್ತಿದ್ದ ವತ್ಸಲಾಬಾಯಿಯವರ ಭುಜದ ಮೇಲೆ ಹಲ್ಲಿ ಬಿತ್ತು. ನಾವೆಲ್ಲ ಬೆಂಚು ಬಿಟ್ಟು ಎದ್ದೆವು. ಅವರು ಮಾತ್ರ ಫ್ರೆಂಚ್ ವಾಕ್ಯವನ್ನು ಕೊನೆಯ ಪದದವರೆಗೂ ಸ್ಪಷ್ಟವಾಗಿ ಉಚ್ಚರಿಸಿ, ಪೂರ್ಣವಿರಾಮವನ್ನೂ ಹೇಳಿ, ಆಮೇಲೆ ಸೆರಗಿನ ತುದಿಯಿಂದ ಹಲ್ಲಿಯನ್ನು ಕೆಳಗಿಳಿಸಿದರು. ಹಲ್ಲಿ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳಬೇಕೆನ್ನುವ ಧಾರವಾಡದ ಮನೆತನ ಅವರದು. "ಸ್ನಾನ ಆಮ್ಯಾಲೆ. ವಾಕ್ಯ ಮೊದಲ ಮುಗೀಬೇಕು" ಎಂದವರೇ ಹಲಗೆಯ ಮೇಲೆ ಹೊಸ ಶಬ್ದ ಬರೆದರು: ಸಾಂಫ್ರುವಾ.

ಪುಣೆಯ ಸದಾಶಿವ ಪೇಠದಲ್ಲಿ, ವಾಡೆ ಎನ್ನುವ ಹಳೆಯ ದೊಡ್ಡ ಮನೆಯೊಂದರ ಮಹಡಿಯಲ್ಲಿ ಅವರ ಕ್ಲಾಸು. ನಾವೆಲ್ಲ ಅವರನ್ನು ಬಾಯಿ ಎಂದೇ ಕರೆಯುತ್ತಿದ್ದೆವು. ಮರಾಠಿಯಲ್ಲಿ ಫ್ರೆಂಚ್ ಕಲಿಸುವರು, ಸಿಟ್ಟು ಬಂದರೆ ಕನ್ನಡದಲ್ಲಿ ಬೈಯುವರು. ಹೀಗಾಗಿ ಬೆಳಗಾವಿ ಕಡೆಯವಳಾದ ನನಗೊಬ್ಬಳಿಗೇ ಬೈಗುಳ ಪೂರ್ತಿ ದಕ್ಕುತ್ತಿತ್ತು.

ಸಾಂಫ್ರುವಾ ಎಂದರೆ ಅಕ್ಷರಶಃ ತಣ್ಣನೆಯ ರಕ್ತ. ನಾನು ಪತ್ರಿಕೆಯಲ್ಲಿ ಓದಿದ ಕೊಲೆಗಾರನೊಬ್ಬನಿಗೆ ಅದನ್ನು ಹಚ್ಚಿ ವಾಕ್ಯ ಮಾಡಿದೆ. ಅಂಥ ಬಳಕೆಯೂ ಫ್ರೆಂಚಿನಲ್ಲಿದೆ, ಆದರೆ ತಮ್ಮ ಕ್ಲಾಸಿನಲ್ಲಿ ಬೇಡ ಎಂದು ವತ್ಸಲಾಬಾಯಿ ಆ ವಾಕ್ಯವನ್ನು ಹೊಡೆದುಹಾಕಿದರು.

"ಒಳಗ ಕುದೀತಿರಬೇಕು, ಕೈಯಾಗಿನ ಕಪ್ಪು ಅಲುಗಾಡಬಾರದು. ಅಂಥವರಿಗೆ ಈ ಶಬ್ದ. ಕುದೀಲಾರದ ಕಲ್ಲಿಗೆ ಹೇಳಬ್ಯಾಡ. ಮತ್ತ ತನ್ನ ಬಗ್ಗೆ ತಾನ ಹೇಳ್ಕೋಬಾರದು. ನೋಡಿದವರು ಹೇಳಬೇಕು."

ಆ ಪಾಠವನ್ನು ಅವರು ಬಾಯಿಮಾತಿಗೆ ಬಿಡಲಿಲ್ಲ. ನಾವು ಕ್ರಿಯಾಪದ ಒಪ್ಪಿಸುವಾಗ ಹಿಂದಿನಿಂದ ಬಂದು ಸ್ಟೀಲಿನ ತಾಟು ನೆಲಕ್ಕೆ ಬಿಡುವರು. ಬೆಚ್ಚಿದವರು ಮೊದಲಿನಿಂದ ಶುರುಮಾಡಬೇಕು. ನಾನು ಕೊನೆಯವರೆಗೂ ಬೆಚ್ಚುತ್ತಲೇ ಇದ್ದೆ.

ವರ್ಷಗಳ ಮೇಲೆ ನನ್ನ ಮಗ ನಿಖಿಲನೂ ಅವರಲ್ಲೇ ಕಲಿಯತೊಡಗಿದ. ಅಷ್ಟರಲ್ಲಿ ಮಕ್ಕಳೆಲ್ಲ ಮೊಬೈಲಿನ ಕ್ಲಾಸುಗಳತ್ತ ವಾಲಿದ್ದರು. ಅಂಕ ಅಲ್ಲೇ ಹೆಚ್ಚು ಬರುತ್ತದೆಂದು ಮಗರಪಟ್ಟಾದ ನನ್ನ ಆಫೀಸಿನಲ್ಲೂ ಮಾತು. ನಿಖಿಲನನ್ನು ಬಿಡಿಸುತ್ತೇನೆಂದು ಹೇಳಿಬರಲು ಒಂದು ಮಧ್ಯಾಹ್ನ ವಾಡೆಗೆ ಹೋದೆ. ಪೇಠದಲ್ಲಿ ಒಂದರಿಂದ ನಾಲ್ಕರವರೆಗೆ ಯಾರೂ ಯಾರ ಮನೆಯ ಗಂಟೆ ಒತ್ತುವುದಿಲ್ಲ, ಅದು ವಿಶ್ರಾಂತಿಯ ಹೊತ್ತು. ಇನ್ನೂ ನಾಲ್ಕಾಗಿರಲಿಲ್ಲ. ಮರ್ಯಾದೆಗೆ ಬಾಗಿಲ ಹೊರಗೇ ಕಾದು ನಿಂತೆ.

ತೆರೆದ ಕಿಟಕಿಯಿಂದ ಬಾಯಿಯ ದನಿ ಬಂತು. ಧಾರವಾಡದ ಅಕ್ಕನೊಂದಿಗೆ ಫೋನು. ಅಳುತ್ತಿದ್ದರು, ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ.

"ಕ್ಲಾಸಿನ್ಯಾಗ ಇಬ್ಬರ ಉಳದಾರ, ಅಕ್ಕಾ. ಅವರೂ ಹೋದ್ರ ಮುಂಜಾನೆದ್ದು ಯಾರ ಸಲವಾಗಿ ತಲಿ ಬಾಚ್ಕೊಳ್ಳಿ?"

ಆ ಇಬ್ಬರಲ್ಲಿ ಒಬ್ಬ ನನ್ನ ಮಗ. ಮೆಟ್ಟಿಲಿಳಿದು ಹೋಗಬೇಕಿತ್ತು. ಹೋದರೆ ಹಳೆಯ ಹಲಗೆಗಳು ಕಿರುಗುಟ್ಟಿ ನಾನಿದ್ದದ್ದು ಗೊತ್ತಾಗುತ್ತದೆಂದು ಕಳ್ಳಿಯಂತೆ ನಿಂತೇ ಇದ್ದೆ. ದನಿ ನಿಂತು, ನಲ್ಲಿಯ ಸದ್ದಾಗಿ, ನಾಲ್ಕು ಹೊಡೆದ ಮೇಲೆ ಗಂಟೆ ಒತ್ತಿದೆ.

ಬಾಯಿ ಬಾಗಿಲು ತೆರೆದರು. ತೊಳೆದ ಮುಖ, ಹೊಸ ಕುಂಕುಮ, ಬಾಚಿದ ತಲೆ. "ಬಾರೇ. ಭಾಳ ಹೊತ್ತಾತೇನು ಬಂದು?"

"ಈಗ ಬಂದೆ ಬಾಯಿ."

ಚಹಾ ಸೋಸಿ ಕಪ್ಪು-ಬಸಿಗಳನ್ನು ತಂದರು. ಅವರ ಕೈಯಲ್ಲಿ ಸದ್ದಿಲ್ಲ. ನನ್ನ ಕೈಗೆ ಬಂದದ್ದೇ ಕಪ್ಪು ಬಸಿಯ ಮೇಲೆ ಗಲಗಲ ಎಂದಿತು. ಅವರು ಅದನ್ನು ನೋಡಿ ಕಣ್ಣನ್ನು ಬೇರೆ ಕಡೆ ಹೊರಳಿಸಿದರು. ನಿಖಿಲನ ಬಗ್ಗೆ ಏನಾದರೂ ಹೇಳುವುದಿತ್ತೇ ಎಂದು ಅವರಾಗಿಯೇ ಕೇಳಿದರು. ಇಲ್ಲ, ಸುಮ್ಮನೆ ಈ ಕಡೆ ಬಂದಿದ್ದೆ ಎಂದೆ.

ವಾರ ಕಳೆದು, ನಿಖಿಲನನ್ನು ಬಿಡಿಸುತ್ತಿದ್ದೇನೆ ಎಂದು ಫೋನಿನಲ್ಲಿ ಸಂದೇಶ ಕಳಿಸಿದೆ. ಎದುರು ಕೂತು ಹೇಳಲಾಗದ್ದನ್ನು ಬೆರಳು ನಾಚಿಕೆಯಿಲ್ಲದೆ ಹೇಳಿತು. ಉತ್ತರ ಕೂಡಲೇ ಬಂತು: "ಆಗಲಿ. ಅವನ ಉಚ್ಚಾರ ಛಲೋ ಅದ. ಕೆಡಿಸ್ಕೋಬ್ಯಾಡ ಅಂತ ಹೇಳು."

ಆಮೇಲೆ ಅವರು ಕ್ಲಾಸು ಮುಚ್ಚಿ ಧಾರವಾಡಕ್ಕೆ ಅಕ್ಕನ ಬಳಿ ಹೋದರು. ಹೋದ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡ ಸುದ್ದಿ ಬಂತು.

ನೋಡಿದವರು ಹೇಳಬೇಕು ಎಂದಿದ್ದರು. ಅಂದು ಆ ಚಹಾದ ಮುಂದೆ ಆ ಫ್ರೆಂಚ್ ಶಬ್ದ ನನ್ನ ನಾಲಿಗೆಯ ತುದಿಗೇ ಬಂದಿತ್ತು. ಹೇಳಿದ್ದರೆ, ಒಳಗೆ ಕುದಿಯುತ್ತಿದ್ದದ್ದನ್ನು ಕೇಳಿಸಿಕೊಂಡೆ ಎಂದೂ ಹೇಳಿದಂತಾಗುತ್ತಿತ್ತು. ಚಹಾ ಚೆನ್ನಾಗಿದೆ ಎಂದಷ್ಟೇ ಹೇಳಿ ಎದ್ದುಬಂದೆ.