ಎಣ್ಣೆ ಕುಡಿದ ಪೈಲ್ವಾನ

ಶಹಾಬಾದಿನ ಸ್ಟೇಷನ್ ಬಜಾರಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಅಮೃತಪ್ಪನ ಕೈ ತಣ್ಣಗೆ, ಬಾಯಿ ಬಿಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ಯಂತ್ರದ ಸದ್ದು ಕೇಳಿಯೇ ರೋಗ ಹೇಳುತ್ತಿದ್ದ. ಅದಕ್ಕೂ ಮೊದಲು ಯಂತ್ರ ತಂದವರಿಗೆ ಮಂಗಳಾರತಿ ಆಗಲೇಬೇಕು. "ಇದು ಮಷೀನಲ್ಲೋ, ಧೂಳಿನ ಹುತ್ತ! ಎಣ್ಣಿ ಕಂಡು ಎಷ್ಟು ವರ್ಷಾತು?" ಎಣ್ಣೆಯೇ ಅವನಿಗೆ ಸಕಲ ರೋಗಕ್ಕೂ ಮದ್ದು.

ಪಕ್ಕದ ಬಳೆ ಅಂಗಡಿಯ ಹಸೀನಾಬೇಗಂ ಜೊತೆ ಎಂಟು ತಿಂಗಳಿಂದ ಮಾತಿಲ್ಲ. ಆಕೆಯ ತಾಡಪತ್ರಿಯ ಮಳೆನೀರು ಇವನ ಬಾಗಿಲಿಗೆ ಸುರಿದಾಗ ಇವನು ಕೂಗಾಡಿದ್ದು ಪಕ್ಕದ ಊರು ವಾಡಿಯವರೆಗೂ ಕೇಳಿಸಿತಂತೆ.

ಒಂದು ಶುಕ್ರವಾರ ಚಿತ್ತಾಪುರದಿಂದ ಗಣಿತದ ಟೀಚರ್ ವೃಂದಾ ಬಂದಳು. ಚೀಲದಿಂದ ಗೇಣುದ್ದದ ರೋಬೋಟ್ ಗೊಂಬೆ ತೆಗೆದಳು. ಕೈಕಾಲು ಮಡಚಿದರೆ ರೈಲು ಇಂಜಿನ್, ಬಿಚ್ಚಿದರೆ ಪೈಲ್ವಾನ. ಇಂಥವನ್ನು ಕೂಡಿಹಾಕಿ, ಒಂದೊಂದರ ಗುಣದೋಷವನ್ನು ಫೋನಿನ ವಿಡಿಯೋದಲ್ಲಿ ಹೇಳುವುದು ಅವಳ ಹುಚ್ಚು. ನೋಡುವವರು ಸಾವಿರಾರು.

"ಅಮೃತಪ್ಪನೋರ, ಇವನ ಟೊಂಕ ಢಿಲ್ಲಾ ಆಗ್ಯಾದ್ರಿ. ನಿಲ್ಲಿಸಿದ್ರ ಕುಂತುಬಿಡ್ತಾನ. ಐತವಾರ ಇಲ್ಲೇ ವಿಡಿಯೋ ಮಾಡ್ತೀನಿ. ಒಂಟಿಗಾಲ ಮ್ಯಾಲ ನಿಂತ್ರ ನಿಮ್ಮ ಹೆಸರು ಹೇಳ್ತೀನ್ರಿ."

"ನಿಲ್ಲಲಿಲ್ಲಂದ್ರ?"

"ಆಗೂ ಹೇಳ್ತೀನ್ರಿ. ರಿವ್ಯೂದಾಗ ಸುಳ್ಳು ಹೇಳಬಾರ್ದು."

ಅಮೃತಪ್ಪನ ಮೀಸೆ ಅದುರಿತು. ಇಪ್ಪತ್ತೆಂಟು ವರ್ಷದ ಹೆಸರು ಈಗ ಗೇಣುದ್ದದ ಗೊಂಬೆಯ ಕಾಲ ಮೇಲೆ ನಿಂತಿತ್ತು. ಕೈಗೆ ರೂಢಿಯಾದದ್ದನ್ನೇ ಮಾಡಿದ. ಕೀಲುಕೀಲಿಗೂ ನಾಲ್ಕು ಹನಿ ಎಣ್ಣೆ ಬಿಟ್ಟ.

ಮರುದಿನ ಬೆಳಿಗ್ಗೆ ಪೈಲ್ವಾನನಿಗೆ ಕೂಡಲಿಕ್ಕೂ ಬರಲಿಲ್ಲ. ಕಾಲು ಚೆಲ್ಲಿ ಅಂಗಾತ ಬಿದ್ದ.

"ನಿಂದ್ರೋ ಹಲ್ಕಟ್!" ಅಮೃತಪ್ಪ ಮೇಜು ಗುದ್ದಿದ. ಗೊಂಬೆ ಉರುಳಿ, ಬಾಗಿಲಾಚೆ ಕಸ ಗುಡಿಸುತ್ತಿದ್ದ ಹಸೀನಾಬೇಗಂಳ ಕಾಲ ಬಳಿ ಬಿತ್ತು.

ಆಕೆ ಎತ್ತಿ, ಬೆರಳಿನ ಜಿಡ್ಡು ನೋಡಿದಳು. "ಎಣ್ಣಿ ಹಾಕೀರೇನು?"

"ಹ್ಞೂಂ, ಹಾಕೀನಿ!" ಮಾತು ಬಿಟ್ಟದ್ದು ಅವನಿಗೆ ನೆನಪಾಗುವಷ್ಟರಲ್ಲಿ ಉತ್ತರ ಹೋಗಿಯಾಗಿತ್ತು.

"ಎಣ್ಣಿ ಹಾಕಿದ್ರ ಗಂಡಸ್ರೇ ನೆಟ್ಟಗ ನಿಂದ್ರಂಗಿಲ್ಲ ಭಾಯ್, ಗೊಂಬಿ ನಿಂದ್ರತದಾ?"

ಎದುರಿನ ಚಹಾದಂಗಡಿಯಲ್ಲಿ ಕುಳಿತವರೆಲ್ಲ ಗೊಳ್ಳೆಂದರು. ಅಮೃತಪ್ಪನ ಕಿವಿ ಕೆಂಪಾದವು. ಆದರೆ ನಾಳೆಯೇ ಐತವಾರ. ಬಾಯಿಗೆ ಬಂದದ್ದನ್ನು ನುಂಗಿದ. "ಮತ್ತ ಏನ್ ಮಾಡ್ಬೇಕಂತೀರಿ?"

"ಉಂಗುರ ಢಿಲ್ಲಾ ಆದ್ರ ನಮ್ಮ ಹೆಣ್ಮಕ್ಕಳು ಒಳಗ ಉಗುರಿನ ಪಾಲಿಶ್ ಹಚ್ತಾರ. ಒಣಗಿದ ಮ್ಯಾಲ ಬೆರಳು ಹಿಡೀತದ." ಬಣ್ಣವಿಲ್ಲದ ಪಾಲಿಶ್ ಶೀಶೆಯನ್ನು ಅವನ ಮುಂದಿಟ್ಟಳು.

ಅಮೃತಪ್ಪ ತಿರುಪು ಬಿಚ್ಚಿ, ಕೀಲುಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒರೆಸಿದ. ಕೀಲಿನ ದುಂಡು ತುದಿಗೆ ತೆಳ್ಳಗೆ ಒಂದು ಸುತ್ತು ಪಾಲಿಶ್ ಹಚ್ಚಿ, ಆಗಲೇ ಜೋಡಿಸಲು ಹೋದ. ಆಕೆ ಗೊಂಬೆಯ ಕಾಲನ್ನೇ ಕಸಿದುಕೊಂಡಳು.

"ಒಣಗ್ಲಿ! ಸಿಟ್ಟಿನಾಗ ಜೋಡಿಸಿದ್ರ ಅಂಟ್ಕೋತದ. ಆಮ್ಯಾಲ ನಿಂತೇ ಇರ್ತಾನ, ಇಂಜಿನ್ ಆಗಂಗಿಲ್ಲ."

ಸಂಜೆಯೊಳಗೆ ಮೂರು ಸುತ್ತು ಆಯಿತು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕುಳಿತದ್ದು ಅವನ ಜೀವನದಲ್ಲೇ ಮೊದಲು.

ಐತವಾರ ವೃಂದಾ ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ವಿಡಿಯೋ ಶುರುಮಾಡಿದಳು. "ಬಣ್ಣ ಭಾಳ ಚಂದ ಅದ. ಮಾರಿ ಮಾತ್ರ ಹಲ್ಲುನೋವು ಬಂದೋರಂಗ ಅದ." ಮಡಚಿದಳು, ಇಂಜಿನ್ ಆಯಿತು. ಬಿಚ್ಚಿದಳು, ಪೈಲ್ವಾನನಾದ. ಅವನ ಒಂದು ಕಾಲು ಎತ್ತಿ ಕೈಬಿಟ್ಟಳು. ಗೊಂಬೆ ಒಮ್ಮೆ ವಾಲಿತು, ನಿಂತಿತು.

"ಸರಿ ಮಾಡಿದೋರು ನಮ್ಮ ಅಮೃತಪ್ಪನೋರು!" ಎಂದು ಫೋನನ್ನು ಅವನತ್ತ ತಿರುಗಿಸಿದಳು.

ಅಮೃತಪ್ಪ ಎದೆಯುಬ್ಬಿಸಿದ. ಪಕ್ಕದ ಅಂಗಡಿಯಿಂದ ಬಳೆ ಸದ್ದು ಕೇಳಿತು. ಎದೆ ಇಳಿಯಿತು.

"ತಡೀರಿ ಟೀಚರ್ ಬಾಯಾರ. ಸುಳ್ಳು ಹೇಳಬಾರ್ದಂದ್ರಲ್ಲ. ಎಣ್ಣಿ ಹಾಕಿ ಕೆಡಿಸಿದೋನು ನಾ. ನಿಲ್ಲಿಸಿದೋರು ಆಚಿಕಡಿ ಅದಾರ." ಆಮೇಲೆ ಬೈಯುವ ದನಿಯಲ್ಲೇ ಕೂಗಿದ: "ಏ ಬೇಗಂ, ಬರ್ರಿ ಇಲ್ಲಿ! ಸಾವಿರ ಮಂದಿ ಕಾಯಾಕತ್ತಾರ!"

ಹಸೀನಾಬೇಗಂ ಸೆರಗು ಸರಿಮಾಡಿಕೊಂಡು ಬಂದು, ಮೊದಲು ಅವನ ಕೈ ನೋಡಿದಳು. "ಗೊಂಬಿಗಂತ ಒಯ್ದ ಪಾಲಿಶ್ ನಿಮ್ಮ ಉಗುರಿಗೂ ಹಚ್ಚೀರಲ್ಲ ಭಾಯ್!"

"ಒಣಗ್ತದೋ ಇಲ್ಲೋ ನೋಡಾಕ ಹಚ್ಚಿದ್ದದು!" ಅಮೃತಪ್ಪ ಅಬ್ಬರಿಸಿದ. ಫಳಫಳ ಹೊಳೆಯುವ ಹೆಬ್ಬೆರಳಿನ ಸಮೇತ ಅದೂ ವಿಡಿಯೋದಲ್ಲಿ ಸೇರಿತು.