ಸಿ ಬ್ಲಾಕ್ ದೇಶದ ಬಿಡುಗಡೆಯಾಗದ ಅಂಚೆಚೀಟಿ

ಅಲ್ಪಾಯುಷಿ ದೇಶಗಳಿಗೆಲ್ಲ ಒಂದೇ ರೋಗ. ಅಂಚೆ ಕಚೇರಿ ಇರುವುದಿಲ್ಲ, ಟಪಾಲು ಹಂಚಲು ಒಬ್ಬ ಪೋಸ್ಟ್‌ಮ್ಯಾನ್ ಇರುವುದಿಲ್ಲ, ಆದರೆ ಸ್ವಾತಂತ್ರ್ಯ ಸಾರಿದ ವಾರದಲ್ಲೇ ಸ್ಟಾಂಪು ಅಚ್ಚಿಗೆ ಹೋಗುತ್ತದೆ. ಕೂಸು ಹುಟ್ಟುವ ಮುನ್ನ ಕುಲಾವಿ ಅಂತಾರಲ್ಲ, ಅದೇ. ಅಚ್ಚಾಗಿ ಬರುವಷ್ಟರಲ್ಲಿ ದೇಶವೇ ಇರುವುದಿಲ್ಲ. ಹಾಗೆ ಬಿಡುಗಡೆಯಾಗದೆ ಉಳಿದ ಚೀಟಿಗಳೆಂದರೆ ನನ್ನಂಥ ಸಂಗ್ರಹಕಾರರಿಗೆ ಪ್ರಾಣ. ನನ್ನ ಹತ್ತಿರ ಅಂಥದು ಒಂದೂ ಇರಲಿಲ್ಲ. ಅಂಥ ದೇಶದಲ್ಲಿ ನಾನೇ ಅಂಚೆ ಮಂತ್ರಿಯಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಾವಿರುವುದು ದೊಡ್ಡನೆಕ್ಕುಂದಿ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ. ನಾನು ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತನಾದವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಅಕ್ಕನೂ ನಾನೂ ಒಟ್ಟಿಗೆ ಇಲ್ಲಿ ಮನೆ ತೆಗೆದುಕೊಂಡೆವು. ಅವಳದು ಎ ಬ್ಲಾಕು, ನನ್ನದು ಸಿ. ಬಿ ಬ್ಲಾಕು ಬಿಲ್ಡರನ ನಕ್ಷೆಯಲ್ಲೇ ಉಳಿಯಿತು. ಅವಳಿಗೆ ಮಂಡಿನೋವು, ನಡೆಯುವುದು ಕಷ್ಟ, ಆದ್ದರಿಂದ ದಿನಾ ಸಂಜೆ ನಾನೇ ಹೋಗುತ್ತಿದ್ದೆ. ಕಾಫಿ, ಒಗ್ಗರಣೆ ಮಂಡಕ್ಕಿ, ಊರಿನವರ ಮೇಲೆ ಒಂದಷ್ಟು ದೂರು. ನಮ್ಮಿಬ್ಬರಿಗೂ ದಿನದಲ್ಲಿ ಅದಕ್ಕಿಂತ ದೊಡ್ಡ ಕೆಲಸವೇನೂ ಇರಲಿಲ್ಲ.

ಜಗಳ ಹುಟ್ಟಿದ್ದು ಜನರೇಟರಿನಿಂದ. ಈಜುಕೊಳ ಎ ಬ್ಲಾಕಿನ ಕಿಟಕಿಯ ಕೆಳಗೆ, ಜನರೇಟರು ನಮ್ಮ ಕಿಟಕಿಯ ಕೆಳಗೆ. ಬೆಳಕು ಎಲ್ಲರಿಗೂ, ಹೊಗೆ ನಮಗೆ ಮಾತ್ರ. ನಮ್ಮ ಬ್ಲಾಕಿನ ಮೂರನೇ ಮಹಡಿಯಲ್ಲಿ ದಾವಣಗೆರೆ ಕಡೆಯವರೊಬ್ಬರಿದ್ದರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ವೈಟ್‌ಫೀಲ್ಡಿನ ಕಂಪನಿಗೆ ಹೋಗಿ ದಿನವಿಡೀ ಮೀಟಿಂಗ್ ಮಾಡುವವರು. ಅವರು ಮನೆಗೂ ಮೀಟಿಂಗ್ ತಂದರು. ಮೂರು ಮೀಟಿಂಗ್ ಮುಗಿಯುವಷ್ಟರಲ್ಲಿ ಸಿ ಬ್ಲಾಕು ಪ್ರತ್ಯೇಕ ಸಂಘವಾಗಿತ್ತು, ಅವರು ಅಧ್ಯಕ್ಷರಾಗಿದ್ದರು. ಪ್ರತ್ಯೇಕತೆಯ ಪತ್ರಕ್ಕೆ ಎಲ್ಲರೂ ಸಹಿ ಹಾಕಿದರು. ನಾನೂ ಹಾಕಿದೆ. ಪೂರ್ತಿ ಓದಿದೆನೇ ಎಂದರೆ, ಇಲ್ಲ. ಪಕ್ಕದಲ್ಲಿ ಬಿಸಿಬಿಸಿ ಬೋಂಡ ಇತ್ತು.

ಮಾರನೆಯ ದಿನ ಎರಡು ಬ್ಲಾಕುಗಳ ನಡುವೆ ಕ್ರೋಟನ್ ಕುಂಡಗಳ ಸಾಲು ಎದ್ದಿತು. ಎ ಬ್ಲಾಕಿನವರು ಅಲ್ಲೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಸೆಕ್ಯುರಿಟಿಯವನನ್ನು ಕೂರಿಸಿದರು. ಸಂಜೆ ಎಂದಿನಂತೆ ಹೊರಟ ನನ್ನನ್ನು ಅವನು ತಡೆದ. ಅವನ ಫೋನಿನಲ್ಲಿರುವ ಆ್ಯಪಿನಲ್ಲಿ ನಾನು ಈಗ ಅತಿಥಿ. ಮನೆಯವರು ಒಪ್ಪಿದರೆ ಮಾತ್ರ ಒಳಗೆ. ಅವನು ಒತ್ತಿದ, ಕಾದ, ಆಚೆ ಸರಿದು ಅಕ್ಕನಿಗೆ ಫೋನ್ ಮಾಡಿ ಏನೋ ಹೇಳಿದ, ಇನ್ನೊಮ್ಮೆ ಒತ್ತಿದ.

"ರಿಜೆಕ್ಟ್ ಅಂತ ಬತ್ತಾದೆ ಸಾರ್," ಅಂದ.

"ಸ್ವಂತ ತಮ್ಮ ಕಣಯ್ಯ ನಾನು."

"ಅದ್ನೂ ಹೇಳ್ದೆ ಸಾರ್. ಅದಕ್ಕೇ ರಿಜೆಕ್ಟ್ ಅಂದ್ರು."

ಮನೆಗೆ ಬಂದು ಫೋನ್ ಮಾಡಿದೆ. ಅಕ್ಕ ಎತ್ತಲಿಲ್ಲ. ಪ್ರತ್ಯೇಕತೆಯ ಪತ್ರದ ನಕಲು ಎ ಬ್ಲಾಕಿನ ಲಿಫ್ಟಿನಲ್ಲಿ ಅಂಟಿಸಿದ್ದರಂತೆ. ನನ್ನ ಸಹಿ, ಕಾರ್ಖಾನೆಯಲ್ಲಿ ರೂಢಿಯಾದ ದಪ್ಪ ಸಹಿ, ಎಲ್ಲರದಕ್ಕಿಂತ ಚೆನ್ನಾಗಿ ಕಾಣುತ್ತಿತ್ತಂತೆ. ನನಗೆ ಸಿಟ್ಟು ಬಂತು. ಜನರೇಟರಿನ ಹೊಗೆ ಕುಡಿಯುವವನು ನಾನು, ಮುನಿಸು ಇವಳಿಗೆ! ಒಂದು ವಾರ ನಾನೂ ಬಿಗಿದುಕೊಂಡೆ. ಆಮೇಲೆ ಸಂಜೆಯಾದರೆ ಕೈಕಾಲು ಆಡದಂತಾಯಿತು. ದಿನಾ ಕುಂಡಗಳ ತನಕ ಹೋಗುವುದು, ರಿಜೆಕ್ಟ್ ಆಗಿ ಬರುವುದು.

ಆ ಹೊತ್ತಿಗೆ ಅಧ್ಯಕ್ಷರು ನನ್ನ ಮನೆಗೆ ಬಂದರು. "ಸಾರ್, ನಮ್ಮ ಲೆಟರ್‌ಗಳೆಲ್ಲ ಅವರ ಗೇಟಲ್ಲಿ ಸ್ಟಕ್ ಆಗಿವೆ. ನಮ್ಮದೇ ಪೋಸ್ಟ್ ಬಾಕ್ಸ್ ಇಡ್ತಿದೀವಿ. ಅವರಿಗೆ ನಾವು ಕಳಿಸೋ ಒಂದೊಂದು ಕಂಪ್ಲೇಂಟ್ ಮೇಲೂ ನಮ್ಮದೇ ಸ್ಟಾಂಪ್ ಇರ್ಬೇಕು. ನೀವೇ ಡ್ರೈವ್ ಮಾಡ್ಬೇಕು ಇದನ್ನ."

ನಾನು ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ಜೀವಮಾನವೆಲ್ಲ ಬೇರೆ ದೇಶದ ಸ್ಟಾಂಪು ಕೂಡಿಟ್ಟವನಿಗೆ ಸ್ವಂತ ಸ್ಟಾಂಪು ಮಾಡಿಸಿ ಅಂದರೆ ತಲೆ ನಿಲ್ಲುತ್ತದೆಯೇ? ಚಿತ್ರವಾಗಿ ತಮ್ಮದೇ ಮುಖ ಇರಲಿ ಎಂದು ಅಧ್ಯಕ್ಷರು ಸಂಕೋಚದಿಂದ ಸೂಚಿಸಿದರು. ಕಟ್ಟಡದ ಚಿತ್ರ ಸಾಕೆಂದು ಒಪ್ಪಿಸಿದೆ. ಕೆಳಗೆ 'ಸಿ ಬ್ಲಾಕ್ ಮನೆ ಮಾಲೀಕರ ಸಂಘ' ಎಂದು ಹಾಕೋಣ ಅಂದೆ. ಅದಕ್ಕೆ ಅವರು, "ಮಾಲೀಕ ಅಚ್ಚ ಕನ್ನಡ ಅಲ್ಲ ಸಾರ್. ಪ್ಯೂರ್ ಇರ್ಲಿ," ಅಂದರು. ಹಾಗಾಗಿ 'ಮನೆ ಒಡೆಯರ ಸಂಘ' ಎಂದಾಯಿತು. ಅದನ್ನು ಅವರು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಟೈಪ್ ಮಾಡಿ ಪೀಣ್ಯದ ಪ್ರೆಸ್ಸಿಗೆ ಕಳಿಸಿದರು.

ಪ್ರೂಫ್ ನೋಡಲು ಊರಿನ ಆ ತುದಿಗೆ ನಾನೇ ಹೋದೆ. ಹಾಳೆ ಹಿಡಿದಾಗ ಕಣ್ಣು ತುಂಬಿ ಬಂತು. ಎಂಥ ತಿಳಿ ನೀಲಿ! ಅಂಚಿನ ತೂತುಗಳನ್ನು ಭೂತಗನ್ನಡಿ ಇಟ್ಟು ಎಣಿಸಿದೆ. ಮೆಷಿನ್ ನಡೆಸುವಾತ ಪಕ್ಕದಲ್ಲೇ ನಿಂತು ತಲೆ ಕೆರೆದುಕೊಳ್ಳುತ್ತಿದ್ದ.

"ಸಾರ್, ಇಂಗೇ ಬಿಡ್ಲಾ? ಒಂದ್ಸಲ ಓದ್ಬಿಡಿ."

"ನೀನು ತೂತು ಸರಿಯಾಗಿ ಹೊಡಿ ಮಾರಾಯ. ನಾನು ಇನ್‌ಸ್ಪೆಕ್ಷನ್ನಲ್ಲೇ ಇದ್ದವನು," ಅಂದೆ.

ಬಿಡುಗಡೆಗೆ ಭಾನುವಾರ ಬೆಳಿಗ್ಗೆ ಶಾಮಿಯಾನ ಹಾಕಿದರು. ದೀಪ ಹಚ್ಚಿದರು. ದೊಡ್ಡದಾಗಿ ಮಾಡಿಸಿದ ಸ್ಟಾಂಪಿನ ಮೇಲಿನ ರೇಷ್ಮೆ ಬಟ್ಟೆ ಸರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಸಭೆಯಲ್ಲಿ ಕನ್ನಡ ಮಾತಾಡುವವರು ಬೇಕಾದಷ್ಟು ಜನ, ಓದುವವರು ಬೆರಳೆಣಿಕೆ. ಓದುವವಳೊಬ್ಬಳು ಹಿಂದೆ ಕಾಫಿ ಲೋಟ ಜೋಡಿಸುತ್ತಿದ್ದಳು. ಎ ಬ್ಲಾಕಿನಲ್ಲೂ ಸಿ ಬ್ಲಾಕಿನಲ್ಲೂ ಮನೆಗೆಲಸ ಮಾಡುವ ಹೆಂಗಸು, ಎರಡೂ ದೇಶಗಳ ಪೌರತ್ವ ಇದ್ದವಳು ಅವಳೊಬ್ಬಳೇ.

"ಸಾರ್," ಅಂದಳು ನನ್ನ ಹತ್ತಿರ ಬಂದು, "ಮನೆ ಒಡೆಯುವವರ ಸಂಘ ಅಂತ ಬರ್ದವ್ರಲ್ಲ, ಬೇಕಂತ್ಲೇ ಬರ್ಸಿರೋದಾ?"

ನೋಡಿದೆ. ಹೌದು. ಫೋನು ತನಗೆ ತಿಳಿದ ಮಾತು ಹಾಕಿಕೊಂಡಿತ್ತು. 'ಸಿ ಬ್ಲಾಕ್ ಮನೆ ಒಡೆಯುವವರ ಸಂಘ.' ತಿಳಿ ನೀಲಿಯಲ್ಲಿ, ತೂತು ಒಂದೂ ತಪ್ಪದೆ. ಅಧ್ಯಕ್ಷರಿಗೆ ಕಿವಿಯಲ್ಲಿ ಹೇಳಿದೆ. ಅವರು ಬೆವರು ಒರೆಸಿಕೊಂಡು ಮೈಕಿನಲ್ಲಿ, "ರಿಲೀಸ್ ಹೋಲ್ಡ್ ಮಾಡ್ತಿದೀವಿ," ಅಂದರು. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ದೇಶ ಆಮೇಲೆ ಹೆಚ್ಚು ದಿನ ಬಾಳಲಿಲ್ಲ. ಜನರೇಟರು ನಮ್ಮ ನೆಲದಲ್ಲಿತ್ತು, ಆದರೆ ಸಂಪಿನ ಮೋಟಾರಿನ ಸ್ವಿಚ್ಚು ಎ ಬ್ಲಾಕಿನ ಕೋಣೆಯಲ್ಲಿತ್ತು. ಒಂದು ಬೆಳಿಗ್ಗೆ ಮೈಗೆ ಸೋಪು ಹಚ್ಚಿಕೊಂಡು ನಿಂತ ಸ್ವತಂತ್ರ ಪ್ರಜೆಗಳಿಗೆ ನೀರು ಬರಲಿಲ್ಲ. ಸಂಜೆಯೊಳಗೆ ವಿಲೀನವಾಯಿತು. ಸ್ಟಾಂಪುಗಳನ್ನೆಲ್ಲ ಅಧ್ಯಕ್ಷರು ಆಫೀಸಿಗೆ ಒಯ್ದು ಮೆಷಿನ್ನಿಗೆ ಹಾಕಿ ಚೂರು ಮಾಡಿಸಿದರು. ಒಂದು ಹಾಳೆ ನಾನು ಉಳಿಸಿಕೊಂಡಿದ್ದೆ. ಸಂತೋಷಕ್ಕೆ ಮಿತಿಯಿರಲಿಲ್ಲ, ಮಾನ ಹೋದರೂ.

ಮರುದಿನ ಅದನ್ನೇ ಹಿಡಿದು ಅಕ್ಕನ ಮನೆಗೆ ಹೊರಟೆ. ಇದನ್ನು ನೋಡಿದರೆ ನಕ್ಕೇ ನಗುತ್ತಾಳೆ, ನಕ್ಕರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡೆ. ಕುರ್ಚಿ ಇರಲಿಲ್ಲ, ತಡೆಯುವವರಿರಲಿಲ್ಲ. ಅಕ್ಕ ಬಾಗಿಲು ತೆರೆದಳು. ಹಾಳೆ ಚಾಚಿದೆ.

"ನೋಡಕ್ಕ, ಎಂಥ ಪ್ರಿಂಟಿಂಗ್ ಮಿಸ್ಟೇಕು."

ಅವಳು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದಳು. ನಗಲಿಲ್ಲ.

"ಪ್ರಿಂಟ್ ಸರಿಯಾಗೇ ಇದೆ ಕಣೋ," ಅಂದಳು. "ತಪ್ಪಿದ್ದದ್ದು ನೀನು ಹಾಕಿದ ಸಹಿ."

ಹಾಳೆ ನನ್ನ ಕೈಗಿಟ್ಟು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ನಾನು ಹೊಸ್ತಿಲಾಚೆಯೇ ನಿಂತೆ. ತಪ್ಪಾಯಿತು ಎಂದು ಹೇಳಿದೆ, ಅವಳಿಗೆ ಕೇಳಿಸಿತೋ ಇಲ್ಲವೋ. ಒಳಗೆ ಪಾತ್ರೆಯ ಸದ್ದಾಯಿತು.

"ಸೊಳ್ಳೆ ಬರ್ತವೆ," ಅಂದಳು ಅಲ್ಲಿಂದಲೇ. "ಹೋಗೋದಾದ್ರೆ ಬಾಗಿಲು ಎಳ್ಕೊಂಡು ಹೋಗು."

ಒಳಗಿನಿಂದ ಎಳೆದುಕೊಂಡೆ.